ಹೊಟ್ಟೆಯೂ ಮನಸ್ಸೂ

ಮತ್ಸರಕ್ಕೆ ಹೊಟ್ಟೆಕಿಚ್ಚೆಂದೂ, ಮರುಕ ಹುಟ್ಟಿದರೆ ಕರುಳು ಚುರ್ರೆಂದಿತೆಂದೂ, ಪರರ ತಪ್ಪನ್ನು ಕ್ಷಮಿಸುವದಕ್ಕೆ ಹೊಟ್ಟೆಯಲ್ಲಿ ಹಾಕಿಕೊಳ್ಳುವದೆಂದೂ ನಮ್ಮ ಜನರು ನುಡಿಯುತ್ತ ಬಂದಿರುವರು. ಇವು ಬರಿಯ ಅಲಂಕಾರದ ಮಾತುಗಳಲ್ಲವೆಂದು ಈಚಿನ ಶೋಧನೆಗಳಿಂದ ತೋರುತ್ತಲಿದೆ.

ಕರುಳಿಗೂ ಮೆದುಳಿಗೂ ನಡುವೆ ವೇಗಸ್ ಎಂಬ ನರವುಂಟು; ಅದರಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗುವ ಸುದ್ದಿಯೇ ಹೆಚ್ಚು. ಕರುಳಿನಲ್ಲಿ ವಾಸಿಸುವ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳು ನಮಗೆ ಜೀರ್ಣವಾಗದ ನಾರನ್ನು ಉಂಡು, ಕರುಳಿನ ಒಳಪದರನ್ನು ಪೋಷಿಸುವ ಆಮ್ಲಗಳನ್ನು ಸಿದ್ಧಪಡಿಸುವವು. 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪ್ರಯೋಗವೊಂದರಲ್ಲಿ ಖಿನ್ನತೆಯಿಂದ ಬಳಲುತ್ತಿದ್ದ 67 ಜನರಿದ್ದರು. ಕೆಲವರಿಗೆ 12 ವಾರಗಳವರೆಗೆ ಕಾಳು, ಕಾಯಿಪಲ್ಯ, ಹಣ್ಣು, ಇಡಿಧಾನ್ಯ, ಮೀನು ಮೊದಲಾದವುಗಳ ಊಟವನ್ನು ರೂಢಿ ಮಾಡಿಸಿದರು; ಉಳಿದವರಿಗೆ ಸ್ನೇಹದ ಮಾತುಕತೆ ಮಾತ್ರ. ಊಟ ತಿದ್ದಿಕೊಂಡವರಲ್ಲಿ ನೂರಕ್ಕೆ 32ರಷ್ಟು, ಉಳಿದವರಲ್ಲಿ 8ರಷ್ಟು ಜನ ಖಿನ್ನತೆಯಿಂದ ಹೊರಬಂದರು. ಪ್ರಯೋಗ ಚಿಕ್ಕದು; ಅವರಲ್ಲಿ ಬಹುಜನರು ಬೇರೆ ಉಪಚಾರವನ್ನೂ ಪಡೆಯುತ್ತಲಿದ್ದರೆಂಬುದನ್ನು ಮರೆಯಲಾಗದು.

ಇದಕ್ಕಾಗಿ ಕಲ್ಲೋಳಿಯ ಗೃಹಿಣಿಯು ಪರದೇಶದ ಪದಾರ್ಥಗಳನ್ನು ಹುಡುಕಬೇಕಾಗಿಲ್ಲ. ಜೋಳದ ರೊಟ್ಟಿ, ಮೊಳಕೆಯೊಡೆದ ಮಡಕಿ ಕಾಳಿನ ಪಲ್ಯ, ಮೆಂತ್ಯದ ಸೊಪ್ಪು, ಅಗಸಿಯ ಚಟ್ನಿ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ, ಇವು ಗೋಕಾಕ, ಹುಕ್ಕೇರಿಗಳ ಸೀಮೆಯ ಹಳೆಯ ಊಟವೇ. ಈಗ ಕಬ್ಬಿನ ಈ ನಾಡಿನಲ್ಲಿ ಚಹ, ಬಿಸ್ಕೀಟು, ಕರಿದ ತಿಂಡಿಗಳು ಅದರ ಸ್ಥಾನವನ್ನು ಆಕ್ರಮಿಸುತ್ತಲಿವೆ. (ಗೋಕಾಕದ ಕರದಂಟನ್ನು ನಾವು ದೂಷಿಸುವದಿಲ್ಲ; ಆದರೆ ಅದು ಸಿಹಿಯೇ ಹೊರತು ಔಷಧವಲ್ಲ.) ನಾರಿಲ್ಲದ ಊಟಕ್ಕೆ ಒಗ್ಗಿದವರು ಒಮ್ಮೆಲೇ ಕಾಳು ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುವದು, ಸಾವಕಾಶವಾಗಿ ಹೆಚ್ಚಿಸತಕ್ಕದ್ದು.

ನಮ್ಮ ಮುಖ್ಯ ಆಕ್ಷೇಪವು ಬೇರೆ. ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವ ಮನೆಯಾಕೆಗೆ ಎಷ್ಟೋ ಮನೆಗಳಲ್ಲಿ ಕಾಳುಪಲ್ಯ ತೀರಿ ತಣ್ಣಗಿನ ರೊಟ್ಟಿ, ಚಟ್ನಿ ಉಳಿಯುವವು. ಮೊಸರಂತೂ ಮಕ್ಕಳ ಪಾಲು. ಆಕೆಯ ಸಿಡುಕನ್ನು ಸ್ವಭಾವವೆನ್ನುವೆವು, ಆಕೆಯ ತಾಟನ್ನು ಯಾರೂ ನೋಡುವದಿಲ್ಲ. ಶಾಕಾಹಾರಿಗಳಿಗೆ ಬಿ-12 ಜೀವಸತ್ವವು ಬಹುತರ ಹಾಲು ಮೊಸರುಗಳಿಂದಲೇ ದೊರೆಯತಕ್ಕದ್ದು. ಅದಾಗಲಿ ಕಬ್ಬಿಣದ ಅಂಶವಾಗಲಿ ಕುಂದಿದರೆ ದಣಿವು, ಬೇಸರ, ಸಿಡುಕುಗಳು ಬರಬಹುದು. ರಕ್ತಪರೀಕ್ಷೆಯಿಂದ ಇದು ತಿಳಿಯುವದು. ಆದಕಾರಣ ಯಜಮಾನರು ಆಕೆಯ ಪಾಲನ್ನು ಮೊದಲೇ ತೆಗೆದಿರಿಸುವ ಪದ್ಧತಿಯನ್ನು ಹಾಕಿಕೊಳ್ಳಲಿ.

ಎರಡು ವಾರ ಮೀರಿ ನಿದ್ರೆ, ಹಸಿವೆ, ಕೆಲಸದ ಆಸ್ಥೆ ಕೆಟ್ಟು ಕುಳಿತವರಿಗೆ ಮಾತ್ರ ಮಜ್ಜಿಗೆಯನ್ನು ನಂಬಿಸಬಾರದು. ಅಂಥವರನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕು; ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸರಕಾರಿ ಸಂಸ್ಥೆಯುಂಟು. 2022ರಲ್ಲಿ ಆರಂಭವಾದ ದೂರವಾಣಿ 14416ರಲ್ಲಿ ಹಗಲಿರುಳೂ ಕನ್ನಡದಲ್ಲಿ ಪುಕ್ಕಟೆ ಸಲಹೆ ದೊರೆಯುತ್ತದೆ.