ಗದಗಿನ ಸಿಮ್ಮು, ಲಂಡನ್ನಿನ ಸಿಮ್ಮು

ಚಳಿಗಾಲದ ಸಂಜೆ ಗೋವೆಯ ಕಲಂಗುಟ್ ಕಡಲತೀರದಲ್ಲಿ ಎರಡು ಬಗೆಯ ಪರಊರಿನವರು ಎದುರುಬದುರಾಗುತ್ತಾರೆ. ಬ್ರಿಟನ್ನಿನಿಂದಲೋ ರಷ್ಯಾದಿಂದಲೋ ಬಂದು ಶ್ಯಾಕ್ ಎದುರಿನ ಒರಗುಮಂಚದ ಮೇಲೆ ಮೈಚಾಚಿದವರು ಒಂದು ಕಡೆ. ಮಣಿಸರ, ಕಾಲ್ಗೆಜ್ಜೆ, ಕನ್ನಡಿ ಹಚ್ಚಿದ ಬಟ್ಟೆಗಳನ್ನು ತೋಳಿಗೆ ಹೇರಿಕೊಂಡು ಮರಳಿನಲ್ಲಿ ನಡೆದಾಡುವ ಲಂಬಾಣಿ ಹೆಣ್ಣುಮಕ್ಕಳು ಇನ್ನೊಂದು ಕಡೆ. ಗದಗ, ಕೊಪ್ಪಳ, ವಿಜಯಪುರ ಸೀಮೆಯ ತಾಂಡಾಗಳಿಂದ ಬಂದವರು ಇವರು. ಹೋಟೆಲುಗಳ ಅಡುಗೆಮನೆಯಲ್ಲಿ, ಕಟ್ಟಡದ ಕೆಲಸದಲ್ಲಿ, ಅಂಗಡಿಗಳ ಬಾಗಿಲಲ್ಲಿ ಇವರ ಊರಿನವರೇ ಇನ್ನೂ ಅನೇಕರು ಸಿಗುತ್ತಾರೆ. ಒಬ್ಬರು ವಿಮಾನದಲ್ಲಿ ಬಂದವರು, ಇನ್ನೊಬ್ಬರು ಚೋರ್ಲಾ ಘಾಟಿಯನ್ನೋ ಅನಮೋಡವನ್ನೋ ಇಳಿದು ಬಸ್ಸಿನಲ್ಲಿ ಬಂದವರು. ಬದುಕು ಬೇರೆ, ಜೇಬು ಬೇರೆ. ಆದರೆ ಕೈಯಲ್ಲಿನ ಪ್ರೀಪೇಯ್ಡ್ ಸಿಮ್ಮಿನ ಮಟ್ಟಿಗೆ ಇವರಿಬ್ಬರೂ ಬಹುಕಾಲ ಒಂದೇ ಸಾಲಿನಲ್ಲಿ ನಿಂತವರು. ಊರು ಬಿಟ್ಟು ಬಂದೊಡನೆ ಇಬ್ಬರ ಫೋನೂ ದುಬಾರಿಯಾಗುತ್ತಿತ್ತು, ಇಲ್ಲವೇ ಮೂಕವಾಗುತ್ತಿತ್ತು. ಆ ಸಾಲು ಹೇಗೆ ಹುಟ್ಟಿತು, ಒಬ್ಬರು ಅದರಿಂದ ಹೇಗೆ ಹೊರಬಂದರು, ಇನ್ನೊಬ್ಬರು ಏಕೆ ಇನ್ನೂ ಅಲ್ಲೇ ಉಳಿದರು ಎಂಬುದು ಬರೆದಿಡಬೇಕಾದ ಕಥೆ.

ಸಿಮ್ಮಿಗೂ ಮೊದಲು ಹಳದಿ ಬೋರ್ಡಿನ ಕಾಲವಿತ್ತು. 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರ ಆಳ್ವಿಕೆ ಮುಗಿದು, ಅದೇ ದಶಕದ ಕೊನೆಗೆ ಹಿಪ್ಪಿಗಳು ಕಲಂಗುಟ್, ಅಂಜುನಾ ತೀರಗಳನ್ನು ಹುಡುಕಿಕೊಂಡು ಬಂದಾಗ ಮನೆಗೆ ಸುದ್ದಿ ಮುಟ್ಟಿಸಲು ಅವರಿಗಿದ್ದ ದಾರಿ ಅಂಚೆ ಕಚೇರಿ. 1983ರಲ್ಲಿ ಕಾಮನ್‌ವೆಲ್ತ್ ರಾಷ್ಟ್ರಗಳ ಮುಖ್ಯಸ್ಥರು ದೆಹಲಿ ಸಮಾವೇಶದ ನಡುವೆ ಬಿಡುವಿಗೆಂದು ಗೋವೆಗೆ ಬಂದರು. ಗೋವೆಯ ಹೆಸರು ಜಗತ್ತಿನ ಪತ್ರಿಕೆಗಳಲ್ಲಿ ಕಾಣಿಸಿತು. ಮರುವರ್ಷ ಹುಟ್ಟಿದ ಸಿ-ಡಾಟ್ ಸಂಸ್ಥೆ ಊರೂರಿಗೆ ಟೆಲಿಫೋನ್ ಎಕ್ಸ್‌ಚೇಂಜ್ ತಲುಪಿಸುವ ಕೆಲಸಕ್ಕೆ ಕೈಹಾಕಿತು. ಮುಂದಿನ ಹತ್ತು ವರ್ಷಗಳಲ್ಲಿ ದೇಶದ ಎಲ್ಲ ಪೇಟೆಗಳಂತೆ ಕಲಂಗುಟ್ಟಿನ ಬೀದಿಗಳಲ್ಲೂ ಎಸ್‌ಟಿಡಿ, ಐಎಸ್‌ಡಿ, ಪಿಸಿಒ ಎಂದು ಬರೆದ ಹಲಗೆಗಳು ನೇತಾಡಿದವು. ಪ್ರವಾಸಿ ತನ್ನ ದೇಶಕ್ಕೆ ಕರೆ ಮಾಡಿ, ಗೋಡೆಯ ಮೇಲಿನ ಕೆಂಪು ಅಂಕಿಗಳು ಓಡುವುದನ್ನು ನೋಡುತ್ತ ಮಾತು ಮುಗಿಸುತ್ತಿದ್ದ. ಕರ್ನಾಟಕದಿಂದ ಬಂದ ಕೆಲಸಗಾರ ರಾತ್ರಿ ದರ ಇಳಿಯುವ ತನಕ ಕಾಯ್ದು, ಊರಿನ ಅಂಗಡಿಯದೋ ಮೇಷ್ಟರ ಮನೆಯದೋ ಪಿ.ಪಿ. ನಂಬರಿಗೆ ಹಚ್ಚಿ, ‘ನಮ್ಮವ್ವನ್ನ ಕರೀರಿ, ಹತ್ತು ನಿಮಿಷ ಬಿಟ್ಟು ಮತ್ತ ಮಾಡ್ತೀನಿ’ ಎಂದು ಹೇಳಿ ಇಡುತ್ತಿದ್ದ. ಬೂತಿನಲ್ಲಿ ಯಾರೂ ಯಾರ ಗುರುತನ್ನೂ ಕೇಳುತ್ತಿರಲಿಲ್ಲ. ದುಡ್ಡು ಕೊಟ್ಟರೆ ಮಾತು.

ಮೊಬೈಲು ಬಂದಾಗ ಈ ಸರಳತೆ ಮೊದಲು ಹೋಯಿತು. 1995ರ ಜುಲೈ 31ರಂದು ಜ್ಯೋತಿ ಬಸು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಸಂಪರ್ಕ ಸಚಿವ ಸುಖರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಆಗಿನ ಮೊಬೈಲು ಬಿಲ್ಲಿನ ಸೇವೆ. ತಿಂಗಳ ಕೊನೆಗೆ ಬಿಲ್ಲು ಕಳಿಸಬೇಕೆಂದರೆ ಕಂಪನಿಗೆ ವಿಳಾಸ ಬೇಕು, ಠೇವಣಿ ಬೇಕು, ಈತ ಕಟ್ಟಿಯಾನೆಂಬ ನಂಬಿಕೆ ಬೇಕು. ಕಾಯಂ ವಿಳಾಸವಿಲ್ಲದವರಿಗೆ ಅದು ಎಟುಕದ ವಸ್ತು. ಅದೇ 1995ರಲ್ಲಿ ಪೋರ್ಚುಗಲ್ಲಿನ ಟಿಎಂಎನ್ ಎಂಬ ಕಂಪನಿ ‘ಮಿಮೊ’ ಹೆಸರಿನಲ್ಲಿ ಮೊದಲೇ ಹಣ ತುಂಬಿದ ಕಾರ್ಡನ್ನು ಮಾರುಕಟ್ಟೆಗೆ ತಂದಿತು. ಜಿಎಸ್‌ಎಂ ಫೋನುಗಳ ಲೋಕದಲ್ಲಿ ಪ್ರೀಪೇಯ್ಡ್ ಪದ್ಧತಿಯ ಆರಂಭವೆಂದು ಸಾಮಾನ್ಯವಾಗಿ ಹೇಳುವುದು ಇದನ್ನೇ. ನಾಲ್ಕೂವರೆ ಶತಮಾನ ಗೋವೆಯನ್ನು ಆಳಿದ ದೇಶದಲ್ಲಿ ಹುಟ್ಟಿದ ಈ ಉಪಾಯ ಕೆಲವೇ ವರ್ಷಗಳಲ್ಲಿ ಗೋವೆಯ ಗೂಡಂಗಡಿಗಳಿಗೂ ಬಂತು. ದುಡ್ಡು ಮೊದಲು ಕೊಟ್ಟವನನ್ನು ನಂಬಬೇಕಾದ ಅಗತ್ಯವೇ ಇಲ್ಲ. ಕೂಲಿಯವನೂ ಪ್ರವಾಸಿಯೂ ಮೊಬೈಲಿನ ಲೋಕಕ್ಕೆ ಕಾಲಿಟ್ಟದ್ದು ಈ ಬಾಗಿಲಿನಿಂದ.

ಆದರೆ ಬಾಗಿಲು ತೆರೆದದ್ದು ಊರೊಳಗೆ ಮಾತ್ರ. ಊರಾಚೆ ಹೋದರೆ ಪ್ರೀಪೇಯ್ಡ್ ಏಕೆ ಅಷ್ಟು ಕಷ್ಟವಾಯಿತು ಎಂಬುದಕ್ಕೆ ತಾಂತ್ರಿಕ ಕಾರಣವಿದೆ.

ಪ್ರತಿ ಸಿಮ್ಮಿನೊಳಗೂ ಹದಿನೈದು ಅಂಕಿಗಳ ಒಂದು ಗುರುತು ಇರುತ್ತದೆ. ಅದರ ಮೊದಲ ಮೂರು ಅಂಕಿ ದೇಶದ್ದು: ಬ್ರಿಟನ್ನಿಗೆ 234, ರಷ್ಯಾಕ್ಕೆ 250, ಭಾರತಕ್ಕೆ 404 ಮತ್ತು 405. ಅದರ ಮುಂದಿನವು ಕಂಪನಿಯವು. ದಾಬೋಳಿ ವಿಮಾನ ನಿಲ್ದಾಣದಲ್ಲಿ ಇಳಿದ ಬ್ರಿಟಿಷ್ ಪ್ರವಾಸಿ ಫೋನ್ ಆನ್ ಮಾಡಿದಾಗ ಇಲ್ಲಿನ ಜಾಲ ಆ ಅಂಕಿಗಳನ್ನು ಓದಿ, ಅವನ ದೇಶದ ಕಂಪನಿಯ ಗಣಕಯಂತ್ರವನ್ನು ‘ಈತ ನಿಮ್ಮವನೇ? ಬಿಡಬಹುದೇ?’ ಎಂದು ವಿಚಾರಿಸುತ್ತದೆ. ಅಲ್ಲಿಂದ ಒಪ್ಪಿಗೆ ಬಂದರೆ ಸಿಗ್ನಲ್. ಬಿಲ್ಲಿನ ಗ್ರಾಹಕನಾದರೆ ಮುಂದಿನದು ಸುಲಭ. ಇಲ್ಲಿಯ ಕಂಪನಿ ಅವನ ಕರೆಗಳ ಲೆಕ್ಕವನ್ನು ಆಮೇಲೆ ಕಳಿಸಿ ವಸೂಲು ಮಾಡಿಕೊಳ್ಳುತ್ತದೆ. 1992ರಲ್ಲಿ ಬ್ರಿಟನ್ನಿನ ವೊಡಾಫೋನ್ ಮತ್ತು ಟೆಲಿಕಾಂ ಫಿನ್‌ಲೆಂಡ್ ಮಾಡಿಕೊಂಡ ಮೊದಲ ರೋಮಿಂಗ್ ಒಪ್ಪಂದದಿಂದಲೂ ಇದೇ ಕ್ರಮ. ಪ್ರೀಪೇಯ್ಡ್ ಗ್ರಾಹಕನ ವಿಷಯದಲ್ಲಿ ಆಮೇಲೆ ಎಂಬುದೇ ಇಲ್ಲ. ಅವನ ಕರೆನ್ಸಿ ಎಷ್ಟು ಉಳಿದಿದೆ ಎಂಬುದು ಗೊತ್ತಿರುವುದು ಸಾವಿರಾರು ಮೈಲಿ ದೂರದ ಅವನ ಊರಿನ ಯಂತ್ರಕ್ಕೆ. ಮಾತು ನಡೆಯುತ್ತಿರುವಾಗಲೇ ಅಲ್ಲಿ ಹಣ ಕಡಿತವಾಗಬೇಕು, ಹಣ ಮುಗಿದ ಕ್ಷಣ ಇಲ್ಲಿ ಕರೆ ಕಡಿಯಬೇಕು. ಎರಡು ದೇಶಗಳ ಯಂತ್ರಗಳು ಹೀಗೆ ಕ್ಷಣಕ್ಷಣಕ್ಕೂ ಮಾತಾಡಿಕೊಳ್ಳಲು ‘ಕ್ಯಾಮಲ್’ ಎಂಬ ಸಾಮಾನ್ಯ ವಿಧಾನವೊಂದನ್ನು ಯುರೋಪಿನ ಮಾನಕ ಸಂಸ್ಥೆ ರೂಪಿಸಬೇಕಾಯಿತು. ಅದು ಎಲ್ಲ ಕಂಪನಿಗಳಿಗೂ ತಲುಪುವವರೆಗೆ ಬಳಸುದಾರಿಯೇ ಗತಿ: ಸ್ಟಾರ್, ಕೆಲವು ಅಂಕಿ, ಬೇಕಾದ ನಂಬರು, ಹ್ಯಾಶ್ ಒತ್ತಿ ಕಾಯಬೇಕು, ಸ್ವಂತ ದೇಶದ ಕಂಪನಿಯೇ ವಾಪಸು ಕರೆ ಮಾಡಿ ಇಬ್ಬರನ್ನೂ ಜೋಡಿಸುತ್ತಿತ್ತು.

ಇಷ್ಟೆಲ್ಲ ತೊಡಕು ದೇಶ ದಾಟಿದವರಿಗೆ ಎಂದುಕೊಂಡರೆ ತಪ್ಪು. 1994ರ ದೂರಸಂಪರ್ಕ ನೀತಿಯ ನಂತರ ಮೊಬೈಲ್ ಪರವಾನಗಿಗಳನ್ನು ಹಂಚಿದ್ದು ‘ಸರ್ಕಲ್’ ಲೆಕ್ಕದಲ್ಲಿ. ಕರ್ನಾಟಕ ಒಂದು ಸರ್ಕಲ್. ಗೋವೆಯನ್ನು ಮಹಾರಾಷ್ಟ್ರದ ಸರ್ಕಲ್ಲಿಗೆ ಸೇರಿಸಿದರು. ಒಂದೇ ಕಂಪನಿಯ ಸಿಮ್ಮಾದರೂ ಪ್ರತಿ ಸರ್ಕಲ್ಲಿಗೂ ಒಳಗಿನ ಅಂಕಿ ಬೇರೆ. ಹಾಗಾಗಿ ಕಾರವಾರ ದಾಟಿ ಮಾಜಾಳಿಯ ಗಡಿ ಮುಗಿದೊಡನೆ, ಅನಮೋಡ ಇಳಿದೊಡನೆ, ಗದಗಿನ ಸಿಮ್ಮು ಪರಸ್ಥಳದ ಸಿಮ್ಮಾಗುತ್ತಿತ್ತು. ಜಾಲದ ಕಣ್ಣಿಗೆ ಲಂಡನ್ನಿನಿಂದ ಬಂದವನಿಗೂ ಲಕ್ಷ್ಮೇಶ್ವರದಿಂದ ಬಂದವಳಿಗೂ ವ್ಯತ್ಯಾಸ ಹೆಚ್ಚೇನಿರಲಿಲ್ಲ. ಒಂದೇ ದೇಶದ ಒಳಗೆ, ಒಂದು ರಾತ್ರಿಯ ಬಸ್ ಪ್ರಯಾಣದ ದೂರದಲ್ಲಿ ದುಡಿಯುವವರನ್ನು ಹೀಗೆ ಪರಕೀಯರನ್ನಾಗಿ ಮಾಡಿದ್ದು ಅನ್ಯಾಯವೇ ಸರಿ. ಪ್ರಕೃತಿಯಾಗಲಿ ತಂತ್ರಜ್ಞಾನವಾಗಲಿ ಹಾಕಿದ ಗೆರೆಯಲ್ಲ ಅದು, ಪರವಾನಗಿ ಹರಾಜಿನ ನಕ್ಷೆಯಲ್ಲಿ ಎಳೆದದ್ದು.

2003ರ ಮೇ 1ರಿಂದ ಒಳಬರುವ ಕರೆ ಉಚಿತವಾಯಿತು. ಮೊಬೈಲ್ ಬಡವರ ಮನೆ ಹೊಕ್ಕಿದ್ದು ಆಗಲೇ. ಆದರೆ ಆ ಉಚಿತ ಸ್ವಂತ ಸರ್ಕಲ್ಲಿನೊಳಗಿನದು. ರೋಮಿಂಗಿನಲ್ಲಿ ಕರೆ ಎತ್ತಿದರೂ ಕರೆನ್ಸಿ ಹೋಗುತ್ತಿತ್ತು. ಕಲಂಗುಟ್ಟಿನಲ್ಲಿ ದುಡಿಯುವ ಮಗನಿಗೆ ಹಬ್ಬದ ದಿನ ತಾಯಿ ಫೋನ್ ಮಾಡಿದರೆ, ಅವಳ ಮಾತು ಕೇಳಿಸಿಕೊಂಡದ್ದಕ್ಕೆ ಅವನು ದುಡ್ಡು ಕೊಡಬೇಕು. ‘ಯವ್ವಾ, ರೋಮಿಂಗ್ ಐತಿ, ಇಡು ಇಡು, ನಾ ಮಾಡ್ತೀನಿ’ ಎಂದು ಕುಶಲ ಕೇಳುವ ಮೊದಲೇ ಕರೆ ಕತ್ತರಿಸುವುದು ಗೋವೆಯಲ್ಲಿ ದುಡಿದ ಎಷ್ಟೋ ಕನ್ನಡಿಗರಿಗೆ ಬಾಯಿಪಾಠವಾಗಿತ್ತು. ಮಿಸ್ ಕಾಲಿನ ಒಪ್ಪಂದಗಳು ಹುಟ್ಟಿದವು: ಒಂದು ರಿಂಗಾದರೆ ಕ್ಷೇಮ, ಎರಡಾದರೆ ಮಾತಾಡಬೇಕು. ರೀಚಾರ್ಜ್ ಕೂಪನ್ನುಗಳೂ ಸರ್ಕಲ್ಲಿಗೆ ಬದ್ಧವಾದ್ದರಿಂದ ಕರ್ನಾಟಕದ ಸಿಮ್ಮಿಗೆ ಗೋವೆಯ ಅಂಗಡಿಯಲ್ಲಿ ಕರೆನ್ಸಿ ಸಿಗುತ್ತಿರಲಿಲ್ಲ. ಊರಿನಲ್ಲಿದ್ದ ತಮ್ಮನಿಗೆ ಹೇಳಿ, ಕೂಪನ್ ಕೆರೆದು ನಂಬರು ಓದಿಸಿಕೊಂಡು ಇಲ್ಲಿ ತುಂಬಬೇಕಿತ್ತು. ಎರಡು ಸಿಮ್ಮಿನ ಅಗ್ಗದ ಫೋನುಗಳು ನಮ್ಮ ದೇಶದಲ್ಲಿ ಅಷ್ಟು ಬೇಗ ಹಬ್ಬಿದ್ದಕ್ಕೆ ಇಂಥ ವಲಸೆಯ ಬದುಕೂ ಒಂದು ಕಾರಣವೆಂದು ನನ್ನ ದೃಢವಾದ ಅಭಿಪ್ರಾಯ. ಒಂದು ಗೂಡಿನಲ್ಲಿ ಊರಿನ ಸಿಮ್ಮು, ಇನ್ನೊಂದರಲ್ಲಿ ಗೋವೆಯದು.

ಗೋವೆಯ ಸಿಮ್ಮು ಪಡೆಯುವುದೂ ಸುಲಭವಿರಲಿಲ್ಲ. 2008ರ ನವೆಂಬರ್ 26ರ ಮುಂಬೈ ದಾಳಿಯ ನಂತರ ಗ್ರಾಹಕರ ಗುರುತಿನ ಪರಿಶೀಲನೆ ಬಿಗಿಯಾಯಿತು, 2012ರಲ್ಲಿ ದೂರಸಂಪರ್ಕ ಇಲಾಖೆ ಇನ್ನಷ್ಟು ವಿವರವಾದ ನಿಯಮ ತಂದಿತು. ಕಾರಣ ಗಟ್ಟಿಯಾದದ್ದೇ, ಬೇರೆಯವರ ಹೆಸರಿನ ಸಿಮ್ಮಿನಿಂದ ಆಗುವ ಅನಾಹುತವನ್ನು ದೇಶ ಕಂಡಿತ್ತು. ಅಂಗಡಿಯ ಕಟ್ಟೆಯ ಮುಂದೆ ಮತ್ತೆ ಆ ಇಬ್ಬರು ಒಟ್ಟಿಗೆ ನಿಂತರು. ಗದಗಿನವನ ರೇಷನ್ ಕಾರ್ಡು ಗದಗಿನದು, ಇಲ್ಲಿಯ ಬಾಡಿಗೆ ಖೋಲಿಗೆ ಕಾಗದಪತ್ರವಿಲ್ಲ. ವಿದೇಶಿಯದು ಪಾಸ್‌ಪೋರ್ಟಿನ ಪ್ರತಿ, ವೀಸಾ ಪುಟದ ಪ್ರತಿ, ಫೋಟೊ, ತಂಗಿರುವ ಹೋಟೆಲಿನ ವಿಳಾಸ. ಇಬ್ಬರಿಗೂ ಸ್ಥಳೀಯರೊಬ್ಬರ ಹೆಸರು ಮತ್ತು ನಂಬರು ಬೇಕು. ಒಬ್ಬನಿಗೆ ಮೇಸ್ತ್ರಿ, ಇನ್ನೊಬ್ಬನಿಗೆ ಗೆಸ್ಟ್‌ಹೌಸಿನ ಮಾಲೀಕ. ಅರ್ಜಿ ಹೋಗಿ, ಪರಿಶೀಲನೆ ಮುಗಿದು, ಸಿಮ್ಮಿಗೆ ಜೀವ ಬರುವ ತನಕ ಕಾಯುವುದು. ವಾರದ ರಜೆಗೆ ಬಂದವನಿಗೆ ಆ ಕಾಯುವಿಕೆಯಲ್ಲೇ ರಜೆಯ ಒಂದು ಪಾಲು ಹೋಗುತ್ತಿತ್ತು.

ಒಳನಾಡಿನ ಗೆರೆ ಅಳಿಸಿದ್ದು ಮೆಲ್ಲಮೆಲ್ಲನೆ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಆದೇಶಗಳಿಂದ. ರೋಮಿಂಗಿನಲ್ಲಿ ಒಳಬರುವ ಕರೆಗೆ 2007ರಲ್ಲಿ ನಿಮಿಷಕ್ಕೆ 1 ರೂಪಾಯಿ 75 ಪೈಸೆಯ ಮಿತಿ ಹಾಕಿತು. 2013ರಲ್ಲಿ ಅದನ್ನು 75 ಪೈಸೆಗೆ, 2015ರ ಮೇ ತಿಂಗಳಲ್ಲಿ 45 ಪೈಸೆಗೆ ಇಳಿಸಿತು. 2015ರ ಜೂನ್ 15ರಿಂದ ಬಿಎಸ್‌ಎನ್‌ಎಲ್ ರೋಮಿಂಗಿನ ಒಳಕರೆಯನ್ನು ಉಚಿತ ಮಾಡಿತು. ಮುಂದಿನ ತಿಂಗಳು ಸರ್ಕಲ್ ಬದಲಾದರೂ ನಂಬರು ಉಳಿಸಿಕೊಳ್ಳುವ ಅವಕಾಶ ದೇಶದಾದ್ಯಂತ ಬಂತು. 2016ರ ಸೆಪ್ಟೆಂಬರಿನಲ್ಲಿ ಬಂದ ಜಿಯೊ ರೋಮಿಂಗ್ ದರವನ್ನೇ ಇಟ್ಟಿರಲಿಲ್ಲ. 2017ರ ಏಪ್ರಿಲ್ 1ರಿಂದ ಏರ್‌ಟೆಲ್ ಕೂಡ ತೆಗೆದುಹಾಕಿತು. ಆಧಾರ್ ಬೆರಳಚ್ಚಿನಿಂದ ಸಿಮ್ಮು ನಿಮಿಷಗಳಲ್ಲಿ ಸಿಗುವಂತಾದದ್ದೂ ಹೆಚ್ಚುಕಡಿಮೆ ಅದೇ ಸಮಯಕ್ಕೆ. ಈಗ ಮುಂಡರಗಿಯ ಅಜ್ಜಿ ಕಲಂಗುಟ್ಟಿನ ಮೊಮ್ಮಗಳೊಂದಿಗೆ ವಿಡಿಯೊ ಕಾಲ್ ಹಚ್ಚಿ, ಅಲ್ಲಿ ಸಮುದ್ರ ತೋರಿಸು ಎನ್ನುತ್ತಾಳೆ. ಇಬ್ಬರಿಗೂ ರೋಮಿಂಗ್ ಎಂಬ ಚಿಂತೆ ಇಲ್ಲ. ಇದು ದೊಡ್ಡ ಬಿಡುಗಡೆ.

ವಿದೇಶಿಗೆ ಈ ಬಿಡುಗಡೆ ಬರಲಿಲ್ಲ. ಯುರೋಪ್ ಒಕ್ಕೂಟ 2017ರ ಜೂನ್ 15ರಂದು ತನ್ನೊಳಗಿನ ರೋಮಿಂಗ್ ಶುಲ್ಕ ತೆಗೆದುಹಾಕಿತು. ಆ ಸುಖಕ್ಕೆ ಒಗ್ಗಿದವನಿಗೆ ಭಾರತದಲ್ಲಿ ದಿನಕ್ಕಿಷ್ಟು ಎಂದು ಕಟ್ಟುವ ಪ್ಯಾಕುಗಳೇ ಗತಿ. ಇ-ವೀಸಾದಲ್ಲಿ ಬರುವವರಿಗೆ 50 ರೂಪಾಯಿಯ ಮಾತು, 50 ಎಂಬಿ ಡೇಟಾ ತುಂಬಿದ ಬಿಎಸ್‌ಎನ್‌ಎಲ್ ಸಿಮ್ಮನ್ನು ಉಚಿತವಾಗಿ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2017ರ ಫೆಬ್ರುವರಿಯಲ್ಲಿ ದೆಹಲಿ ವಿಮಾನ ನಿಲ್ದಾಣದಲ್ಲಿ ಆರಂಭಿಸಿತು. ಒಳ್ಳೆಯ ಯೋಚನೆ. ಆದರೆ ಗೋವೆಗೆ ಚಾರ್ಟರ್ ವಿಮಾನದಲ್ಲಿ ನೇರವಾಗಿ ಇಳಿಯುವವನು ದೆಹಲಿಯ ಕೌಂಟರನ್ನು ನೋಡುತ್ತಲೇ ಇರಲಿಲ್ಲ. ಪ್ರತಿ ಚಳಿಗಾಲ ಕಲಂಗುಟ್ಟಿಗೇ ಮರಳುವ ಹಿರಿಯ ದಂಪತಿಗಳದು ಇನ್ನೊಂದು ಪಾಡು: ಬಳಸದ ಪ್ರೀಪೇಯ್ಡ್ ಸಿಮ್ಮನ್ನು 90 ದಿನ ಕಾಯ್ದು, ಅದರಲ್ಲಿ 20 ರೂಪಾಯಿಗಿಂತ ಕಡಿಮೆ ಇದ್ದರೆ ಕಂಪನಿ ನಿಲ್ಲಿಸಬಹುದು. ಏಪ್ರಿಲಿನಲ್ಲಿ ಹೋಗಿ ನವೆಂಬರಿನಲ್ಲಿ ಬರುವವರ ನಂಬರು ಉಳಿಯುವುದು ಕಷ್ಟ. ಸಿಗ್ನಲ್ಲಿನ ಗೋಜೇ ಬೇಡವೆಂದು ಉಪಗ್ರಹ ಸಂದೇಶ ಸಾಧನ ತಂದವರು ಇನ್ನೂ ದೊಡ್ಡ ತೊಂದರೆಗೆ ಸಿಕ್ಕಿದ್ದಾರೆ. ಅನುಮತಿಯಿಲ್ಲದ ಉಪಗ್ರಹ ಫೋನು ನಮ್ಮಲ್ಲಿ ಅಪರಾಧ. ಗೋವೆಯ ವಿಮಾನ ನಿಲ್ದಾಣಗಳಲ್ಲೇ ವಿದೇಶಿಯರನ್ನು ತಡೆದ ಪ್ರಕರಣಗಳಿವೆ.

ಇ-ಸಿಮ್ ಬಂದ ಮೇಲೆ ಡೇಟಾದ ಕಷ್ಟ ನೀಗಿದೆ. ಹೊರಡುವ ಮೊದಲೇ ಮನೆಯಲ್ಲಿ ಕುಳಿತು ಅದನ್ನು ಖರೀದಿಸಿ, ಮೋಪಾ ವಿಮಾನ ನಿಲ್ದಾಣದಲ್ಲಿ ಇಳಿದೊಡನೆ ನಕ್ಷೆ ತೆರೆಯಬಹುದು. ಆದರೆ ಇಂಥ ಪ್ರವಾಸಿ ಇ-ಸಿಮ್ಮುಗಳಲ್ಲಿ ಹೆಚ್ಚಿನವು ಭಾರತದ ನಂಬರು ಕೊಡುವುದಿಲ್ಲ. ನಂಬರಿಲ್ಲದಿದ್ದರೆ ಒಟಿಪಿ ಇಲ್ಲ. ಒಟಿಪಿ ಇಲ್ಲದೆ ನಮ್ಮಲ್ಲಿ ಅನೇಕ ಕಡೆ ಉಚಿತ ವೈಫೈ ಇಲ್ಲ, ಹಲವು ಆ್ಯಪ್‌ಗಳು ತೆರೆಯುವುದಿಲ್ಲ, ಯುಪಿಐ ಅಂತೂ ದೂರ. ಮಣಿಸರ ಮಾರುವ ಹೆಣ್ಣುಮಗಳ ಬಳಿ ಕ್ಯೂಆರ್ ಕೋಡು ಇರುತ್ತದೆ, ಕೊಳ್ಳುವವನ ಕೈಯಲ್ಲಿ ಅವಳದಕ್ಕಿಂತ ಹತ್ತುಪಟ್ಟು ಬೆಲೆಯ ಫೋನು ಇರುತ್ತದೆ, ಹಣ ದಾಟುವುದಿಲ್ಲ. ಜಿ-20 ಅಧ್ಯಕ್ಷತೆಯ ವರ್ಷ, 2023ರಲ್ಲಿ, ವಿದೇಶಿ ಪ್ರವಾಸಿಗರಿಗೆಂದು ಮೊದಲೇ ಹಣ ತುಂಬುವ ಯುಪಿಐ ವ್ಯಾಲೆಟ್ಟಿಗೆ ರಿಸರ್ವ್ ಬ್ಯಾಂಕ್ ದಾರಿ ಮಾಡಿಕೊಟ್ಟಿತು. ಅದೂ ಪ್ರೀಪೇಯ್ಡ್ ಉಪಾಯವೇ. ಕಡಲತೀರದ ವ್ಯಾಪಾರದವರೆಗೆ ಅದು ಇಳಿದು ಬರಬೇಕು.

ಭದ್ರತೆಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಈ ಪ್ರವಾಸಿಯ ಪಾಸ್‌ಪೋರ್ಟು, ಫೋಟೊ, ಬೆರಳಚ್ಚು ವೀಸಾ ಕೊಡುವಾಗಲೋ ವಲಸೆ ಕೌಂಟರಿನಲ್ಲೋ ಆಗಲೇ ಸರ್ಕಾರದ ಕೈಸೇರಿರುತ್ತವೆ. ಅವನು ಎಲ್ಲಿ ತಂಗಿದ್ದಾನೆಂಬುದನ್ನು ಹೋಟೆಲಿನವರು 24 ಗಂಟೆಯೊಳಗೆ ತಿಳಿಸಲೇಬೇಕು. ಇಷ್ಟು ತಿಳಿದಿರುವ ಸರ್ಕಾರ ಅದೇ ಗುರುತಿನ ಆಧಾರದ ಮೇಲೆ, ವೀಸಾ ಮುಗಿಯುವ ದಿನಕ್ಕೆ ತಾನಾಗಿ ನಿಲ್ಲುವ ಒಂದು ನಂಬರನ್ನು ದಾಬೋಳಿಯಲ್ಲೂ ಮೋಪಾದಲ್ಲೂ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಕಟ್ಟೆಯ ಪಕ್ಕದಲ್ಲೇ ಕೊಡಲಿ. ಅದರಿಂದ ಮೊದಲು ಉಪಕಾರವಾಗುವುದು ಆ ಪ್ರವಾಸಿಗಿಂತ, ಅವನೆದುರು ಸರ ಹಿಡಿದು ನಿಂತ ಗದಗಿನ ಹೆಣ್ಣುಮಗಳಿಗೆ.