ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ, ಮಾರಲು ಮನಸ್ಸಿಲ್ಲ: ಅಜ್ಜನ ಜೇಬಿನ ಚಾಕು ಎಂದರೆ ಸಂಗ್ರಾಹಕರಿಗೇಕೆ ಇಷ್ಟು ಪ್ರೀತಿ?

ಒಂದೇ ಕಂಪನಿಯ, ಒಂದೇ ವರ್ಷ ತಯಾರಾದ, ಒಂದೇ ಮಾದರಿಯ ಎರಡು ಮಡಚುವ ಚಾಕುಗಳಿವೆ ಎಂದುಕೊಳ್ಳಿ. ಒಂದು ಡಬ್ಬಿಯಿಂದ ಹೊರಗೆ ಬಂದೇ ಇಲ್ಲ. ಇನ್ನೊಂದು 40 ವರ್ಷ ಯಾರದೋ ಪ್ಯಾಂಟ್ ಜೇಬಿನಲ್ಲಿ ಓಡಾಡಿದೆ. ಸಾಣೆ ಹಿಡಿದೂ ಹಿಡಿದೂ ಅದರ ಅಲಗು ಅರ್ಧಕ್ಕೆ ಇಳಿದಿದೆ, ಹಿಡಿ ನುಣುಪಾಗಿದೆ. ಮಾರುಕಟ್ಟೆಗೆ ತಂದರೆ ಮೊದಲನೆಯದಕ್ಕೆ ಒಳ್ಳೆಯ ಬೆಲೆ, ಎರಡನೆಯದನ್ನು ಕೇಳುವವರೇ ಕಡಿಮೆ. ಆದರೆ ಎರಡೂ ಇರುವ ಸಂಗ್ರಾಹಕನಿಗೆ 'ಒಂದನ್ನು ಮಾರಿ' ಎಂದರೆ ಆತ ಕೊಡುವುದು ಹೊಸದನ್ನೇ. ಸವೆದದ್ದು ಆತನ ಅಜ್ಜನದಾಗಿದ್ದರೆ ಅದನ್ನು ಯಾವ ಬೆಲೆಗೂ ಬಿಟ್ಟುಕೊಡುವುದಿಲ್ಲ.

ಅಮೆರಿಕ, ಯುರೋಪ್, ಜಪಾನ್‌ಗಳಲ್ಲಿ ಹಳೆಯ ಜೇಬು ಚಾಕುಗಳ ಸಂಗ್ರಹ ದೊಡ್ಡ ಹವ್ಯಾಸ. ನಾಣ್ಯ, ಅಂಚೆಚೀಟಿಯಂತೆ ಇದಕ್ಕೂ ಕ್ಲಬ್‌ಗಳಿವೆ, ಮೇಳಗಳಿವೆ, ಬೆಲೆಪಟ್ಟಿಯ ದಪ್ಪ ಪುಸ್ತಕಗಳಿವೆ. ಆದರೆ ಬೇರೆ ಹವ್ಯಾಸಗಳಲ್ಲಿ ಅಷ್ಟಾಗಿ ಕಾಣದ ಒಂದು ತಿಕ್ಕಾಟ ಇಲ್ಲಿದೆ. ಮಾರುಕಟ್ಟೆ ಯಾವುದನ್ನು 'ಹಾನಿ' ಎನ್ನುತ್ತದೋ, ಮನೆಯವರು ಅದನ್ನೇ 'ನೆನಪು' ಎನ್ನುತ್ತಾರೆ.

ಯಾವುದು ಈ ಸಾಂಪ್ರದಾಯಿಕ ಚಾಕು?

ಸಂಗ್ರಾಹಕರು 'ಟ್ರೆಡಿಷನಲ್' ಎಂದು ಕರೆಯುವ ಚಾಕುಗಳಲ್ಲಿ ಬಹುಪಾಲು 'ಸ್ಲಿಪ್‌ಜಾಯಿಂಟ್' ಎಂಬ ಸರಳ ರಚನೆಯವು. ಹಿಡಿಯ ಬೆನ್ನಿನಲ್ಲಿ ಒಂದು ಉಕ್ಕಿನ ಸ್ಪ್ರಿಂಗ್ ಪಟ್ಟಿ ಇರುತ್ತದೆ. ಅಲಗನ್ನು ತೆರೆದಾಗ ಈ ಪಟ್ಟಿ ಅದರ ಬುಡವನ್ನು ಒತ್ತಿ ಹಿಡಿಯುತ್ತದೆ. ಲಾಕ್ ಇಲ್ಲ, ಬಟನ್ ಇಲ್ಲ. ಅಲಗಿನ ಮೇಲಿನ ಸಣ್ಣ ಗೀರಿಗೆ ಉಗುರು ಸಿಕ್ಕಿಸಿ ಎರಡೂ ಕೈಗಳಿಂದ ತೆರೆಯಬೇಕು.

ತೆರೆಯುವಾಗ, ಮುಚ್ಚುವಾಗ 'ಟಕ್' ಎಂಬ ಸದ್ದು ಬರುತ್ತದೆ. ಅಲಗು ಚಲಿಸುವ ಬಗೆ ಮತ್ತು ಈ ಸದ್ದು ಎರಡನ್ನೂ ಸೇರಿಸಿ ಸಂಗ್ರಾಹಕರು 'ವಾಕ್ ಆಂಡ್ ಟಾಕ್' ಎನ್ನುತ್ತಾರೆ. ಚಾಕು ಕೈಗೆ ಬಂದೊಡನೆ ಅವರು ಮೊದಲು ಪರೀಕ್ಷಿಸುವುದು ಇದನ್ನೇ. ಅಪ್ಪನೋ ಅಜ್ಜನೋ ಹಣ್ಣು ಕತ್ತರಿಸಲು ಕೂತಾಗ ಕೇಳುತ್ತಿದ್ದ ಸದ್ದು ಅದು.

ಬೆಲೆ ಕಟ್ಟುವುದು ಹೇಗೆ?

ಅಮೆರಿಕದ 'ಕೇಸ್' ಕಂಪನಿಯ ಚಾಕುಗಳನ್ನೇ ನೋಡಿ. 1889ರಲ್ಲಿ ಶುರುವಾಗಿ, ಈಗ ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್‌ನಲ್ಲಿರುವ ಈ ಕಂಪನಿಯ ಚಾಕುಗಳಿಗೆ ದೊಡ್ಡ ಸಂಗ್ರಾಹಕ ಬಳಗವಿದೆ. ಅದಕ್ಕೊಂದು ಕಾರಣ, ಚಾಕುವಿನ ವಯಸ್ಸನ್ನು ಚಾಕುವೇ ಹೇಳುತ್ತದೆ.

1970ರಲ್ಲಿ ಕಂಪನಿ ಅಲಗಿನ ಬುಡದಲ್ಲಿ ತನ್ನ ಹೆಸರಿನ ಕೆಳಗೆ 10 ಚುಕ್ಕಿಗಳನ್ನು ಒತ್ತಿತು. ಮುಂದಿನ ವರ್ಷ 9, ಅದರ ಮುಂದಿನ ವರ್ಷ 8. ಹೀಗೆ ವರ್ಷಕ್ಕೊಂದು ಚುಕ್ಕಿ ಕಡಿಮೆ. 1980ರಲ್ಲಿ ಮತ್ತೆ 10 ಚುಕ್ಕಿಗಳಿಂದ ಆರಂಭಿಸಿತು, ಆದರೆ ಈ ಬಾರಿ ಹೆಸರಿನಲ್ಲಿದ್ದ 'ಎಸ್' ಅಕ್ಷರಕ್ಕೆ ಮಿಂಚಿನ ಆಕಾರ ಕೊಟ್ಟಿತು. ಅಂದರೆ 5 ಚುಕ್ಕಿಗಳಿದ್ದು 'ಎಸ್' ಮಾಮೂಲಿಯಾಗಿದ್ದರೆ ಅದು 1975ರ ಚಾಕು, ಮಿಂಚಿನಂತಿದ್ದರೆ 1985ರದ್ದು. ತಾವು ಹುಟ್ಟಿದ ವರ್ಷದ, ಮಗಳು ಹುಟ್ಟಿದ ವರ್ಷದ ಚಾಕುವನ್ನೇ ಹುಡುಕಿಕೊಂಡು ಮೇಳಗಳಿಗೆ ಬರುವವರಿಗೆ ಈ ಚುಕ್ಕಿಗಳೇ ಪಂಚಾಂಗ.

ಮಾದರಿ ಸಂಖ್ಯೆಗೂ ಅರ್ಥವಿದೆ. 6254 ಎಂದಿದ್ದರೆ 6 ಎಂದರೆ ಮೂಳೆಯ ಹಿಡಿ, 2 ಎಂದರೆ ಎರಡು ಅಲಗು, 54 ಎಂದರೆ 'ಟ್ರ್ಯಾಪರ್' ಎಂಬ ವಿನ್ಯಾಸ.

ಇಷ್ಟೆಲ್ಲ ಗುರುತಿಸಿದ ಮೇಲೆ ಬರುವುದು ಸ್ಥಿತಿಯ ಲೆಕ್ಕ. ಅಮೆರಿಕದ ಸಂಗ್ರಾಹಕರು ಬಳಸುವ ಶ್ರೇಣಿಯಲ್ಲಿ ಮೇಲಿನ ಸ್ಥಾನ 'ಮಿಂಟ್'ಗೆ. ಅಂದರೆ ಬಳಸಿಲ್ಲ, ಸಾಣೆ ಹಿಡಿದಿಲ್ಲ, ಕಾರ್ಖಾನೆಯಿಂದ ಬಂದಂತೆಯೇ ಇದೆ. ಅಲಗು ಕಾಲು ಭಾಗದಷ್ಟು ಸವೆದಿದ್ದರೆ ಶ್ರೇಣಿ ಕೆಳಗಿಳಿಯುತ್ತದೆ, ಅರ್ಧ ಸವೆದಿದ್ದರೆ ಇನ್ನೂ ಕೆಳಗೆ. ಹಿಡಿಯ ಮೇಲೆ ಯಾರೋ ಹೆಸರಿನ ಅಕ್ಷರ ಕೆತ್ತಿಕೊಂಡಿದ್ದರೆ ಅದೂ ದೋಷವೇ. ಈ ಲೆಕ್ಕದ ಪ್ರಕಾರ, ಚಾಕುವನ್ನು ಚಾಕುವಾಗಿ ಬಳಸಿದ್ದೇ ಅದರ ಬೆಲೆ ಇಳಿಯಲು ಕಾರಣ!

ಸವೆದದ್ದರ ಮೇಲೇಕೆ ಮಮತೆ?

ತಮ್ಮದಾದ ವಸ್ತುವಿಗೆ ಜನ ಹೆಚ್ಚು ಬೆಲೆ ಕಟ್ಟುತ್ತಾರೆ ಎಂಬುದು ಅರ್ಥಶಾಸ್ತ್ರದಲ್ಲಿ ಪ್ರಸಿದ್ಧ ಸಂಗತಿ. ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್ ಮತ್ತು ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಸಾಮಾನ್ಯ ಕಾಫಿ ಮಗ್ ಕೊಡಲಾಯಿತು. ಮಗ್ ಪಡೆದವರು ಅದನ್ನು ಮಾರಲು ಕೇಳಿದ ಬೆಲೆ, ಕೊಳ್ಳುವವರು ಕೊಡಲು ಸಿದ್ಧರಿದ್ದ ಬೆಲೆಯ ಸುಮಾರು ಎರಡು ಪಟ್ಟು ಇತ್ತು. ಕೆಲವೇ ನಿಮಿಷ ಕೈಯಲ್ಲಿದ್ದ ಮಗ್‌ಗೇ ಹೀಗಾದರೆ, ಎರಡು ತಲೆಮಾರು ಕೈಯಲ್ಲಿದ್ದ ಚಾಕುವಿನ ಮಾತೇನು?

ಆದರೆ ಚಾಕುವಿನ ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. ಮನುಷ್ಯನ ಅಭ್ಯಾಸ ಅದರ ಮೇಲೆ ಅಚ್ಚಾಗುತ್ತದೆ. ಬಲಗೈಯವರು ಹಿಡಿದ ಹಿಡಿ ಒಂದು ಕಡೆ ಹೆಚ್ಚು ನುಣುಪಾಗಿರುತ್ತದೆ. ಒಂದೇ ಕೋನದಲ್ಲಿ ಸಾಣೆ ಹಿಡಿದವರ ಅಲಗು ಒಂದು ಬಗೆಯಲ್ಲಿ ಬಾಗಿರುತ್ತದೆ. ಕಾರ್ಬನ್ ಸ್ಟೀಲ್ ಅಲಗು ಹಣ್ಣಿನ ಹುಳಿ, ಕೈಯ ಬೆವರು ಸೋಕಿ ಬೂದು, ನೀಲಿ ಬಣ್ಣಕ್ಕೆ ತಿರುಗುತ್ತದೆ. ಸಂಗ್ರಾಹಕರು ಇದನ್ನು 'ಪ್ಯಾಟಿನಾ' ಎನ್ನುತ್ತಾರೆ. ಅಜ್ಜನ ಫೋಟೋದಲ್ಲಿ ಮುಖವಷ್ಟೇ ಇರುತ್ತದೆ, ಚಾಕುವಿನಲ್ಲಿ ಆತನ ಕೈ ಇರುತ್ತದೆ.

ಬಳಕೆಗಿಂತ ಹೆಸರಿಗೆ ಮರುಳಾಗುವುದೂ ಉಂಟು. 1876ರಲ್ಲಿ ಬಂದ ಮಾರ್ಕ್ ಟ್ವೇನ್‌ನ 'ಟಾಮ್ ಸಾಯರ್' ಕಾದಂಬರಿಯಲ್ಲಿ ಟಾಮ್‌ಗೆ ಹನ್ನೆರಡೂವರೆ ಸೆಂಟ್‌ನ 'ಬಾರ್ಲೋ' ಚಾಕು ಬಹುಮಾನವಾಗಿ ಸಿಗುತ್ತದೆ. ಅದರಿಂದ ಏನನ್ನೂ ಕತ್ತರಿಸಲಾಗದು. ಆದರೂ ಅದು ಅಸಲಿ ಬಾರ್ಲೋ ಎಂಬುದೇ ಹುಡುಗನಿಗೆ ಸಂಭ್ರಮ. ಅಮೆರಿಕದ ಹಳ್ಳಿಗಳಲ್ಲಿ ಮೊದಲ ಚಾಕು ಎಂದರೆ 'ಇನ್ನು ನಿನಗೆ ಜವಾಬ್ದಾರಿ ಬಂತು' ಎಂದು ಹಿರಿಯರು ಕೊಡುವ ಒಪ್ಪಿಗೆ. ಅನೇಕ ಸಂಗ್ರಹಗಳು ಶುರುವಾಗುವುದೇ ಆ ಒಂದು ಚಾಕುವಿನಿಂದ, ಅಥವಾ ಅದು ಕಳೆದುಹೋದ ನೋವಿನಿಂದ.

ಫ್ರಾನ್ಸ್‌ನಲ್ಲಿ 'ಲಗಿಯೋಲ್' ಚಾಕುವನ್ನು ಉಡುಗೊರೆಯಾಗಿ ಪಡೆದವರು ಕೊಟ್ಟವರಿಗೆ ಒಂದು ನಾಣ್ಯ ಮರಳಿಸುತ್ತಾರೆ. ಇಲ್ಲದಿದ್ದರೆ ಚಾಕು ಸ್ನೇಹವನ್ನೇ ಕತ್ತರಿಸುತ್ತದೆ ಎಂಬ ನಂಬಿಕೆ. ಚಾಕು, ಕತ್ತರಿಯನ್ನು ಕೈಯಿಂದ ಕೈಗೆ ಕೊಡಬೇಡ, ಜಗಳವಾಗುತ್ತದೆ, ಕೆಳಗಿಡು ಎಂದು ಬೈಸಿಕೊಂಡು ಬೆಳೆದ ನಮಗೆ ಇದು ಹೊಸದೇನಲ್ಲ. ಆಯುಧಪೂಜೆಯ ದಿನ ಈಳಿಗೆಮಣೆಗೂ ಕುಂಕುಮ ಹಚ್ಚುವವರಲ್ಲವೇ ನಾವು!

ಭಾರತದ ಕಾಡಿಗೂ ಇದೆ ನಂಟು

ಅಮೆರಿಕ, ಜರ್ಮನಿ, ಇಂಗ್ಲೆಂಡ್‌ನ ಹಳೆಯ ಒಳ್ಳೆಯ ಚಾಕುಗಳ ಹಿಡಿಯಲ್ಲಿ 'ಇಂಡಿಯಾ ಸ್ಟ್ಯಾಗ್' ಎಂಬ ವಸ್ತುವಿಗೆ ವಿಶೇಷ ಬೇಡಿಕೆ. ಅದು ಬೇರೇನಲ್ಲ, ನಮ್ಮ ಕಾಡಿನ ಕಡವೆಯ ಕೊಂಬು. ಕಡವೆ ತನ್ನ ಕೊಂಬನ್ನು ತಾನೇ ಉದುರಿಸುತ್ತದೆ. ಹೀಗೆ ಉದುರಿದ ಕೊಂಬುಗಳು ದಶಕಗಳ ಕಾಲ ಭಾರತದಿಂದ ರಫ್ತಾಗಿ ಷೆಫೀಲ್ಡ್, ಝೋಲಿಂಗನ್ ಕಾರ್ಖಾನೆಗಳನ್ನು ಸೇರುತ್ತಿದ್ದವು. ಉದುರಿದ ಕೊಂಬಿನ ಹೆಸರಿನಲ್ಲಿ ಬೇಟೆಯೂ ನಡೆಯುತ್ತದೆ ಎಂಬ ಆತಂಕದಿಂದ 1990ರ ದಶಕದ ಕೊನೆಯಲ್ಲಿ ಭಾರತ ರಫ್ತನ್ನು ನಿಲ್ಲಿಸಿತು. ಆ ಬಳಿಕ ಹಳೆಯ 'ಸ್ಟ್ಯಾಗ್' ಹಿಡಿಯ ಚಾಕುಗಳ ಬೆಲೆಯೂ ಏರಿತು, ಮೋಹವೂ ಏರಿತು.

ಮಾಡುವ ಕೈಗಳೇ ಇಲ್ಲವಾದಾಗ

ಸಂಗ್ರಾಹಕರ ಭಾವುಕತೆಗೆ ಇನ್ನೊಂದು ಕಾರಣ, ಇವುಗಳನ್ನು ಮಾಡುವವರು ಕಣ್ಣೆದುರೇ ಕಡಿಮೆಯಾಗುತ್ತಿರುವುದು.

ಇಂಗ್ಲೆಂಡ್‌ನ ಷೆಫೀಲ್ಡ್‌ನಲ್ಲಿ ಸ್ವತಂತ್ರವಾಗಿ ಕೆಲಸ ಮಾಡುತ್ತಿದ್ದ ಕುಶಲಕರ್ಮಿಗಳನ್ನು 'ಲಿಟಲ್ ಮೆಸ್ಟರ್' ಎನ್ನುತ್ತಿದ್ದರು. ಆ ಪರಂಪರೆಯ ಕೊನೆಯ ಕೊಂಡಿ ಎಂದೇ ಹೆಸರಾದ ಸ್ಟ್ಯಾನ್ ಷಾ 1941ರಲ್ಲಿ, ಇನ್ನೂ ಬಾಲಕನಾಗಿದ್ದಾಗ, ಜಾರ್ಜ್ ಇಬರ್‌ಸನ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದವರು. ಅಲಗಿನಿಂದ ಹಿಡಿಯವರೆಗೆ ಎಲ್ಲವನ್ನೂ ತಾವೇ ಮಾಡುತ್ತಿದ್ದ ಅವರ ಚಾಕುವಿಗಾಗಿ ಜನ ವರ್ಷಗಟ್ಟಲೆ ಕಾಯುತ್ತಿದ್ದರು. 2021ರಲ್ಲಿ, 94ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಜಪಾನ್‌ನ 'ಹಿಗೊನೊಕಾಮಿ' ಒಂದು ಕಾಲದಲ್ಲಿ ಶಾಲಾ ಮಕ್ಕಳು ಪೆನ್ಸಿಲ್ ಹೆರೆಯಲು ಬಳಸುತ್ತಿದ್ದ ಅಗ್ಗದ ಚಾಕು. 1960ರ ಅಕ್ಟೋಬರ್‌ನಲ್ಲಿ ಸಮಾಜವಾದಿ ನಾಯಕ ಇನೆಜಿರೊ ಅಸನುಮಾ ಅವರನ್ನು 17 ವರ್ಷದ ಹುಡುಗನೊಬ್ಬ ವೇದಿಕೆಯ ಮೇಲೆಯೇ ಇರಿದು ಕೊಂದ. ಬಳಸಿದ್ದು ಗಿಡ್ಡ ಕತ್ತಿ. ಆದರೆ ಮಕ್ಕಳ ಕೈಯಲ್ಲಿ ಹರಿತವಾದ ಯಾವ ವಸ್ತುವೂ ಇರಬಾರದು ಎಂಬ ಆಂದೋಲನ ದೇಶವಿಡೀ ಹಬ್ಬಿತು, ಹಿಗೊನೊಕಾಮಿ ಶಾಲಾಚೀಲದಿಂದ ಮಾಯವಾಯಿತು. ಇಂದು ಆ ಹೆಸರಿನ ಹಕ್ಕಿರುವ ತಯಾರಕರು ಮಿಕಿ ನಗರದಲ್ಲಿ ಒಬ್ಬರೇ ಉಳಿದಿದ್ದಾರೆ. ಅಜ್ಜಂದಿರಾಗಿರುವ ಆ ಕಾಲದ ಜಪಾನಿ ಹುಡುಗರಿಗೆ ಅದು ಚಾಕುವಲ್ಲ, ಬಾಲ್ಯ.

ನಮ್ಮಲ್ಲಿ ರಾಂಪುರಿ ಚಾಕುವಿನದ್ದೂ ಇದೇ ಕಥೆ. ಹಿಂದಿ ಸಿನಿಮಾಗಳ ಖಳರ ಕೈಯಲ್ಲಿ ಮೆರೆದು ಕುಖ್ಯಾತಿ ಗಳಿಸಿದ ಈ ಚಾಕುವಿನ ಹಿಂದೆ ಉತ್ತರ ಪ್ರದೇಶದ ರಾಂಪುರದ ಕುಶಲಕರ್ಮಿಗಳ ಕುಟುಂಬಗಳಿದ್ದವು. 1990ರ ದಶಕದಲ್ಲಿ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗಿಗೆ ರಾಜ್ಯ ಸರ್ಕಾರ ನಿಷೇಧ ಹೇರಿದ ಮೇಲೆ ಕಸುಬು ಕುಸಿಯಿತು. 2023ರಲ್ಲಿ ಅದೇ ಊರಿನ ವೃತ್ತದಲ್ಲಿ ಸುಮಾರು 20 ಅಡಿ ಉದ್ದದ ಬೃಹತ್ ಚಾಕುವನ್ನು ನಿಲ್ಲಿಸಲಾಯಿತು. ಕೈಯಲ್ಲಿ ಹಿಡಿಯುವ ಚಾಕು ಮರೆಯಾಗಿ ಸ್ಮಾರಕದ ಚಾಕು ಬಂತು.

ಬಾಂಧವ್ಯ ಮುರಿಯುವ ಜಾಗ: ವಿಮಾನ ನಿಲ್ದಾಣ

ಇಂದು ಕುಟುಂಬದ ಚಾಕುಗಳು ಕೈತಪ್ಪುವ ಒಂದು ಮುಖ್ಯ ಜಾಗ ಭದ್ರತಾ ತಪಾಸಣೆ. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಸಣ್ಣ ಚಾಕುಗಳನ್ನೂ ಕ್ಯಾಬಿನ್‌ನಲ್ಲಿ ನಿಷೇಧಿಸಲಾಯಿತು. ಅಮೆರಿಕದಲ್ಲಿ ಸಣ್ಣ ಜೇಬು ಚಾಕುಗಳಿಗೆ ಮತ್ತೆ ಅವಕಾಶ ಕೊಡುವ ಪ್ರಸ್ತಾವ 2013ರ ಮಾರ್ಚ್‌ನಲ್ಲಿ ಬಂತು. ವಿಮಾನ ಸಿಬ್ಬಂದಿ ವಿರೋಧಿಸಿದ್ದರಿಂದ ಜೂನ್‌ನಲ್ಲಿ ಅದನ್ನು ಕೈಬಿಡಲಾಯಿತು. ಅಲ್ಲಿ ಪ್ರಯಾಣಿಕರು ಬಿಟ್ಟುಹೋದ ಚಾಕುಗಳು ರಾಜ್ಯಗಳ ಹೆಚ್ಚುವರಿ ವಸ್ತುಗಳ ಮಾರಾಟ ವಿಭಾಗಗಳಿಗೆ ಹೋಗಿ, ರಾಶಿ ರಾಶಿಯಾಗಿ ಮಾರಾಟವಾಗುತ್ತವೆ. ಯಾರದೋ ತಂದೆಯ ಕಾಣಿಕೆ ಅಲ್ಲಿ ರಾಶಿಯಲ್ಲೊಂದು, ಅಷ್ಟೇ.

ಸ್ವಿಸ್ ಆರ್ಮಿ ಚಾಕು ಖ್ಯಾತಿಯ ವಿಕ್ಟೋರಿನಾಕ್ಸ್ ಕಂಪನಿಗೂ ಆ ದಾಳಿಯ ನಂತರ ದೊಡ್ಡ ಹೊಡೆತ ಬಿತ್ತು. 2024ರಲ್ಲಿ ಕಂಪನಿಯ ಮುಖ್ಯಸ್ಥರು, ಹಲವು ದೇಶಗಳ ಕಾನೂನು ಬಿಗಿಯಾಗುತ್ತಿರುವುದರಿಂದ ಅಲಗೇ ಇಲ್ಲದ ಜೇಬು ಸಾಧನವನ್ನು ಅಭಿವೃದ್ಧಿಪಡಿಸುತ್ತಿರುವುದಾಗಿ ತಿಳಿಸಿದರು. ಚಾಕುವಿನ ಅಪಾಯ ನಿಜ, ನಿಯಮಗಳಿಗೂ ಕಾರಣವಿದೆ. ಆದರೆ ಜೇಬಿನಿಂದ ಚಾಕು ಹೊರಟುಹೋದಷ್ಟೂ, ಉಳಿದವು ಸಂಗ್ರಾಹಕರಿಗೆ ಹೆಚ್ಚು ಆಪ್ತವಾಗುತ್ತಿವೆ.

ನಿಮ್ಮ ಮನೆಯಲ್ಲೂ ಇದ್ದರೆ ಹೀಗೆ ಮಾಡಿ

ಊರಿನ ಮನೆಯ ಟ್ರಂಕ್‌ನಲ್ಲೋ ಬೀರುವಿನಲ್ಲೋ ಇಂಥದ್ದೊಂದು ಸಿಕ್ಕರೆ ಮೊದಲ ನಿಯಮ: ಹೊಸದರಂತೆ ಮಾಡಲು ಹೋಗಬೇಡಿ.

* ಉಪ್ಪುಕಾಗದ, ಪಾಲಿಷ್ ಯಂತ್ರ ಬೇಡ. ಬೂದು ಬಣ್ಣದ ಪದರ ಕೊಳೆಯಲ್ಲ, ಅದೇ ಅದರ ಇತಿಹಾಸ. ಅತಿಯಾಗಿ ಉಜ್ಜಿದರೆ ಮಾರುಕಟ್ಟೆ ಬೆಲೆಯೂ ಹೋಗುತ್ತದೆ, ನೆನಪೂ ಹೋಗುತ್ತದೆ. ಕೆಂಪು ತುಕ್ಕಿದ್ದರೆ ಮಾತ್ರ ಎಣ್ಣೆ ಹಚ್ಚಿ ಮೃದುವಾಗಿ ತೆಗೆಯಿರಿ.
* ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಸಾಕು. ಅಡುಗೆ ಎಣ್ಣೆ ದಿನ ಕಳೆದಂತೆ ಅಂಟಾಗುತ್ತದೆ.
* ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಡಬೇಡಿ. ಚರ್ಮ ತೇವ ಹೀರುತ್ತದೆ, ಅದರಲ್ಲಿರುವ ರಾಸಾಯನಿಕಗಳು ಉಕ್ಕು, ಹಿತ್ತಾಳೆ ಎರಡಕ್ಕೂ ಹಾನಿ. ಮುಂಬೈ, ಚೆನ್ನೈನಂಥ ಕಡಲತೀರದ ಊರುಗಳಲ್ಲಿ ಇದು ಇನ್ನೂ ಬೇಗ.
* ಹಿಡಿ ಹಳೆಯ ಸೆಲ್ಯುಲಾಯ್ಡ್‌ನದ್ದಾಗಿದ್ದರೆ ಬೇರೆಯಾಗಿಡಿ. ಅದು ಹಾಳಾಗುವಾಗ ಹೊರಬರುವ ಆಮ್ಲೀಯ ಆವಿ ಪಕ್ಕದ ಚಾಕುಗಳಿಗೂ ತುಕ್ಕು ಹಿಡಿಸುತ್ತದೆ. ಬೆಂಕಿಯಿಂದಲೂ ದೂರವಿಡಿ.
* ಆನೆದಂತದ ಅಥವಾ ಕಡವೆ ಕೊಂಬಿನ ಹಿಡಿಯಿದ್ದರೆ ಮಾರುವ ಯೋಚನೆ ಬೇಡ. ವನ್ಯಜೀವಿ ಕಾಯ್ದೆ ಅನ್ವಯಿಸುತ್ತದೆ. ಕಾನೂನು ಸಲಹೆ ಪಡೆಯಿರಿ.
* ಜೇಬಿನಲ್ಲಿಟ್ಟು ಓಡಾಡುವ ಮುನ್ನ ನಿಮ್ಮ ರಾಜ್ಯದ ನಿಯಮ ತಿಳಿದುಕೊಳ್ಳಿ. ಉದಾಹರಣೆಗೆ, ದಿಲ್ಲಿಯಲ್ಲಿ ನಿಗದಿತ ಅಳತೆ ಮೀರಿದ ಬಟನ್ ಚಾಕು, ಗರಾರಿ ಚಾಕುಗಳ ಮೇಲೆ 1980ರಿಂದಲೇ ನಿರ್ಬಂಧವಿದೆ. ವಿಮಾನ ಪ್ರಯಾಣವಾದರೆ ಚೆಕ್-ಇನ್ ಬ್ಯಾಗ್‌ನಲ್ಲೇ ಇಡಿ.

ಕೊನೆಯದಾಗಿ ಒಂದು ಚೀಟಿ ಬರೆದು ಚಾಕುವಿನ ಜೊತೆಗಿಡಿ. ಯಾರದು, ಯಾವ ಊರಿನಲ್ಲಿ ಕೊಂಡದ್ದು, ಅದರಿಂದ ಏನು ಮಾಡುತ್ತಿದ್ದರು ಎಂಬ ಎರಡು ಸಾಲು ಸಾಕು. ತಯಾರಾದ ವರ್ಷವನ್ನು ಅಲಗಿನ ಚುಕ್ಕಿಗಳು ಹೇಳಬಹುದು. ಅಜ್ಜ ಅದರಲ್ಲಿ ಮಾವಿನಹಣ್ಣು ಹೆಚ್ಚಿ ಮೊದಲ ಹೋಳನ್ನು ಯಾರಿಗೆ ಕೊಡುತ್ತಿದ್ದರು ಎಂಬುದನ್ನು ಮನೆಯವರೇ ಬರೆದಿಡಬೇಕು. ಅದು ಗೊತ್ತಿದ್ದವರು ಹೋದ ಮೇಲೆ, ಆ ಚಾಕುವಿಗೆ ಮಾರುಕಟ್ಟೆ ಕಟ್ಟುವ ಬೆಲೆಯೊಂದೇ ಉಳಿಯುತ್ತದೆ.