ವಿಮೋಚನೆಯಿಲ್ಲದ ಶಾಪ

ಭೂತಪ್ರೇತಗಳ ಚಲಚ್ಚಿತ್ರವೆಂದೊಡನೆ ತಿಳಿವಳಿಕೆಯುಳ್ಳ ಗೃಹಸ್ಥರು ಮೂಗು ಮುರಿಯುವುದುಂಟು. ಪಾಮರರನ್ನು ಹೆದರಿಸಿ ಹಣ ಮಾಡುವ ಆಟವೆಂದೇ ಅವರ ಎಣಿಕೆ. ಅಂತಹವೇ ಹೆಚ್ಚೆಂಬುದನ್ನು ನಾವೂ ಅಲ್ಲಗಳೆಯೆವು. ಆದರೆ ಜಪಾನಿನ ತಕಾಶಿ ಶಿಮಿಝು ಎಂಬ ನಿರ್ದೇಶಕರು 2000ದಲ್ಲಿ ಅಲ್ಪ ಬಂಡವಾಳದಿಂದ ತಯಾರಿಸಿದ ‘ಜು-ಆನ್’ ಚಿತ್ರವನ್ನು ಆ ಗುಂಪಿಗೆ ಸೇರಿಸಿಬಿಡುವುದು ನ್ಯಾಯವಲ್ಲ. ‘ಜು’ ಎಂದರೆ ಶಾಪ. ‘ಆನ್’ ಎಂದರೆ ಹಗೆ. ಚಿತ್ರಮಂದಿರವನ್ನು ಕಾಣದೆ ವೀಡಿಯೊ ಸುರುಳಿಗಳಲ್ಲಿ ಹೊರಬಂದ ಈ ಕಥೆಯನ್ನು 2002ರಲ್ಲಿ ಚಿತ್ರಮಂದಿರಗಳಿಗಾಗಿ ಮತ್ತೆ ಚಿತ್ರಿಸಲಾಯಿತು. 2004ರಲ್ಲಿ ಅಮೆರಿಕದವರು ಅದೇ ನಿರ್ದೇಶಕರಿಂದಲೇ ಇಂಗ್ಲಿಷಿನಲ್ಲಿ ಮಾಡಿಸಿ, 1 ಕೋಟಿ ಡಾಲರು ಹೂಡಿ 18 ಕೋಟಿಗೂ ಮಿಕ್ಕು ಗಳಿಸಿದರು.

ಕಥೆಯೇನೋ ಸಣ್ಣದು. ಟೋಕಿಯೋದ ಒಂದು ಸಾಧಾರಣ ಮನೆ. ಅಲ್ಲಿಯ ಗೃಹಿಣಿ ಕಾಯಾಕೊ. ಅವಳ ಮನಸ್ಸು ಪರಪುರುಷನಲ್ಲಿದೆಯೆಂದು ದಿನಚರಿಯಿಂದ ತಿಳಿದ ಗಂಡನು ಅವಳನ್ನು ಕೊಲ್ಲುತ್ತಾನೆ. ಆ ಕ್ಷಣದ ಅವಳ ಕ್ರೋಧವು ಮನೆಗೇ ಅಂಟಿಕೊಳ್ಳುತ್ತದೆ. ಹೊಸ್ತಿಲು ತುಳಿದವರನ್ನೆಲ್ಲ ಬಲಿ ತೆಗೆದುಕೊಳ್ಳುತ್ತದೆ. ಇದನ್ನು ತೋರಿಸಲು ಪಾಳುಕೋಟೆಯಾಗಲಿ ಯಂತ್ರಚಮತ್ಕಾರವಾಗಲಿ ಬೇಕಾಗಲಿಲ್ಲ. ಒಂದು ಏಣಿಮೆಟ್ಟಿಲು, ಬಿಳಿಯ ಬಣ್ಣ ಬಳಿದ ಬಾಲಕನ ಮುಖ, ಗಂಟಲಿನಿಂದ ಬರುವ ಒಂದು ಗೊರಗೊರ ಸದ್ದು, ಇಷ್ಟೇ ಸಾಕಾಯಿತು. ಆ ಸದ್ದನ್ನು ಮಾಡಿದವರೂ ನಿರ್ದೇಶಕರೇ. ಮುಸುಕೆಳೆದು ಮಲಗಿದರೆ ಭಯವಿಲ್ಲವೆಂಬುದು ಎಳೆತನದ ನಂಬಿಕೆಯಷ್ಟೆ; 2002ರ ಚಿತ್ರದಲ್ಲಿ ಪ್ರೇತವು ಮುಸುಕಿನೊಳಗೇ ಕಾಣಿಸಿಕೊಳ್ಳುತ್ತದೆ.

ಇಲ್ಲಿ ವಿಚಾರವಂತರು ಗಮನಿಸಬೇಕಾದ ಅಂಶವೊಂದಿದೆ. ಕೊಂದ ಗಂಡನೂ ಸಾಯುತ್ತಾನೆ. ಪ್ರತೀಕಾರವೇ ಗುರಿಯಾಗಿದ್ದರೆ ಕಥೆ ಅಲ್ಲಿಗೆ ಮುಗಿಯಬೇಕಾಗಿತ್ತು. ಮುಗಿಯುವುದಿಲ್ಲ! ಮಗು ಶಾಲೆಗೆ ಬರಲಿಲ್ಲವೆಂದು ವಿಚಾರಿಸಲು ಬಂದ ಉಪಾಧ್ಯಾಯನೂ, ಮುದುಕಿಯ ಆರೈಕೆಗೆ ಬಂದ ತರುಣಿಯೂ ಅದಕ್ಕೆ ತುತ್ತಾಗುತ್ತಾರೆ. ನಮ್ಮ ಪುರಾಣಗಳಲ್ಲಿ ಶಾಪವಿತ್ತ ಋಷಿಯೇ ವಿಶಾಪದ ಕಾಲವನ್ನೂ ಹೇಳುವುದು ವಾಡಿಕೆ. ಅಹಲ್ಯೆಗೆ ರಾಮನ ಪಾದಧೂಳಿಯುಂಟು. ಜಯವಿಜಯರಿಗೆ ಮೂರು ಜನ್ಮಗಳ ಅವಧಿಯುಂಟು. ಕಾಯಾಕೊಳ ಶಾಪಕ್ಕೆ ಅವಧಿಯಿಲ್ಲ.

ಜಪಾನೀಯರಿಗೂ ಶಾಂತಿಯ ಮಾರ್ಗ ತಿಳಿಯದೆ ಇರಲಿಲ್ಲ. ಸುಗವಾರಾ ಮಿಚಿಝಾನೆ ಎಂಬ ವಿದ್ವಾಂಸ ಮಂತ್ರಿಯು ಪ್ರತಿಸ್ಪರ್ಧಿಗಳ ಚಾಡಿಯಿಂದ ಪದಚ್ಯುತನಾಗಿ, ದೂರದ ದಝೈಫುವಿನಲ್ಲಿ 903ರಲ್ಲಿ ಮಡಿದನು. ಬಳಿಕ ಒದಗಿದ ಅನಾಹುತಗಳಿಗೆ ಅವನ ಮುನಿಸೇ ಕಾರಣವೆಂದು ಜನರು ನಂಬಿದರು. 923ರಲ್ಲಿ ಅರಸನು ಸತ್ತವನಿಗೆ ಅವನ ಪದವಿಯನ್ನು ಹಿಂದಿರುಗಿಸಿದನು. 930ರಲ್ಲಿ ಅರಮನೆಗೇ ಸಿಡಿಲು ಬಡಿಯಿತು. 947ರಲ್ಲಿ ಕಿಟಾನೋದಲ್ಲಿ ಅವನಿಗೆ ಗುಡಿಯೆದ್ದಿತು. ಇಂದು ಅವನು ವಿದ್ಯೆಯ ದೇವತೆ; ಪರೀಕ್ಷೆಗೆ ಮೊದಲು ವಿದ್ಯಾರ್ಥಿಗಳು ಅವನಿಗೆ ಕೈಮುಗಿಯುತ್ತಾರೆ. ಸಿಡಿಲಿನ ಕಾರಣವನ್ನು ಯಾರು ಹೇಗೆ ತಿಳಿದರೇನು? ಅನ್ಯಾಯವಾಯಿತೆಂದು ರಾಜ್ಯವೇ ಒಪ್ಪಿಕೊಂಡುದು ದೊಡ್ಡ ಮಾತು.

ಮಂತ್ರಿಗೆ ದೊರೆತ ಆ ಪರಿಹಾರ ಗೃಹಿಣಿಗೆ ದೊರೆಯಲಿಲ್ಲ. ಅವಳು ಬದುಕಿದ್ದಾಗ ಆ ಮನೆಯ ಬಾಗಿಲು ತಟ್ಟಿ ಕ್ಷೇಮವೇನೆಂದು ಕೇಳಿದವರನ್ನು ಚಿತ್ರವು ತೋರಿಸುವುದಿಲ್ಲ. ಸತ್ತ ಮೇಲೆ ಬಂದವರೇ ಎಲ್ಲರೂ. ನಾಲ್ಕು ಗೋಡೆಗಳ ಒಳಗೆ ನಡೆಯುವುದು ಅವರವರ ಸಂಸಾರದ ಸಂಗತಿಯೆಂದು ನಾವೂ ನಮ್ಮ ನೆರೆಹೊರೆಯವರೂ ಮುಖ ತಿರುಗಿಸುವುದು ಟೋಕಿಯೋದಲ್ಲಿ ಮಾತ್ರವೆ? ದೆವ್ವವನ್ನು ನಂಬುವುದೂ ಬಿಡುವುದೂ ವಾಚಕರ ಇಚ್ಛೆ. ಆದರೆ ಕೇಳುವವರಿಲ್ಲದ ದುಃಖವು ಹಗೆಯಾಗುವುದನ್ನೂ, ಆ ಹಗೆಯು ಅಪರಾಧಿ ನಿರಪರಾಧಿಗಳೆಂಬ ಭೇದವೆಣಿಸದುದನ್ನೂ ನಂಬಲು ದೆವ್ವದ ಸಾಕ್ಷ್ಯ ಬೇಕಾಗಿಲ್ಲ. ಅಧಿಕಾರದಲ್ಲಿರುವವರೂ ನೆರೆಯಲ್ಲಿರುವವರೂ ದೂರನ್ನು ಕೇಳಬೇಕಾದುದು ದೂರುವವರಿಗೆ ಉಸಿರಿರುವಾಗಲೇ.